ಗುಲಫಶಾಳ ಸಜ್ಜಾ

ಜೇವರ್ಗಿಯ ನಜಮುನ್ನಿಸಾಳ ಅಡುಗೆಮನೆಯನ್ನು ಮಸೂದ ಒಂದೇ ಮಧ್ಯಾಹ್ನದಲ್ಲಿ ಒಡೆದು ಹಾಕಿದ. ಒಡೆಯುವುದರಲ್ಲಿ ಅವನಷ್ಟು ಚುರುಕಿನವರು ಯಾರೂ ಇರಲಿಲ್ಲ. ಹೊಗೆ ಕುಡಿದು ಕಪ್ಪಾಗಿದ್ದ ಕಟ್ಟೆ, ಅಲ್ಲಲ್ಲಿ ಉದುರಿದ್ದ ಗೋಡೆಯ ಗಿಲಾಯಿ, ಬಿರುಕು ಬಿಟ್ಟ ನೆಲದ ಫರಸಿ, ಎಲ್ಲವನ್ನೂ ಕೀಳಿಸಿ ಅಂಗಳದಲ್ಲಿ ಗುಡ್ಡೆ ಹಾಕಿಸಿದ. ಆಮೇಲೆ ಚಾ ಕುಡಿದು ಬಾಯಿ ಒರೆಸಿಕೊಂಡು, "ಭಾಬಿ, ಬರೋ ಶುಕ್ರವಾರ ನೀವು ಇಲ್ಲೇ ನಿಂತು ಬಿರಿಯಾನಿ ಮಾಡ್ತೀರಿ ನೋಡ್ರಿ" ಎಂದು ಹೇಳಿ ಹೋದ.

ಮಸೂದ ಹೊರಗಿನವನಲ್ಲ. ನಜಮುನ್ನಿಸಾಳ ಗಂಡ ಇಸ್ಮಾಯಿಲನಿಗೆ ಚಿಕ್ಕಮ್ಮನ ಮಗನಾಗಬೇಕು. ಗೊಬ್ಬೂರಿನಲ್ಲಿ ಹುಟ್ಟಿ, ಜೇವರ್ಗಿಗೆ ಬಂದು ಮೊದಲು ಗಾರೆ ಕೆಲಸ ಮಾಡಿ, ಈಗ ನಾಲ್ಕೈದು ಆಳುಗಳನ್ನಿಟ್ಟುಕೊಂಡು ಗುತ್ತೇದಾರ ಅನ್ನಿಸಿಕೊಂಡಿದ್ದ. ನಗುಮುಖ, ಅತ್ತರಿನ ವಾಸನೆ, ಕೈಯಲ್ಲಿ ಯಾವಾಗಲೂ ಬಡಿದುಕೊಳ್ಳುವ ಎರಡು ಫೋನು. ಅವನ ಮುಂದೆ ಕೂತರೆ ಸಿಟ್ಟು ಮಾಡಲಿಕ್ಕೇ ಬರುತ್ತಿರಲಿಲ್ಲ. ಸಿಟ್ಟು ಬರುವುದು ಅವನು ಎದ್ದು ಹೋದ ಮೇಲೆ.

ಶುಕ್ರವಾರ ಬಂತು, ಮಸೂದ ಬರಲಿಲ್ಲ. ಉಸುಕು ಸಿಗಲಿಲ್ಲವೆಂದು ಫೋನಿನಲ್ಲಿ ಹೇಳಿದ. ಉಸುಕು ಬಂದು ಬಾಗಿಲ ಮುಂದೆ ಬಿದ್ದ ಮೇಲೆ ಗಾರೆಯವನ ಅಜ್ಜಿ ತೀರಿಕೊಂಡಳು. ಆಮೇಲೆ ಸಿಮೆಂಟಿನ ಗಾಡಿ ಹಾದಿಯಲ್ಲಿ ಕೆಟ್ಟು ನಿಂತಿತು. ಅದೂ ಮುಗಿದ ಮೇಲೆ ಅದೇ ಗಾರೆಯವನ ಅದೇ ಅಜ್ಜಿ ಮತ್ತೊಮ್ಮೆ ತೀರಿಕೊಂಡಾಗ ನಜಮುನ್ನಿಸಾ, "ಆಕಿ ಮೊದಲೇ ಹೋಗಿದ್ಳಲ್ಲೋ ಮಸೂದ" ಎಂದಳು. ಮಸೂದ ಒಂದು ಕ್ಷಣವೂ ತಡವರಿಸದೆ, "ಅದು ತಾಯಿ ಕಡೀದು ಭಾಬಿ, ಇದು ತಂದಿ ಕಡೀದು" ಎಂದ.

ಅಲ್ಲಿಯತನಕ ಅವಳ ಅಡುಗೆ ಪಡಸಾಲೆಯಲ್ಲೇ ನಡೆಯಿತು. ಒಂದು ಕಡೆ ಮಂಚ, ಒಂದು ಕಡೆ ಇಸ್ಮಾಯಿಲನ ಮೋಟಾರುಗಳ ತಾಮ್ರದ ತಂತಿಯ ಸುರುಳಿ, ನಡುವೆ ನೆಲದ ಮೇಲೆ ಗ್ಯಾಸಿನ ಒಲೆ. ಇಸ್ಮಾಯಿಲ ವಿಜಯಪುರ ರಸ್ತೆಯ ಅಂಗಡಿಯಲ್ಲಿ ಬೋರಿನ ಮೋಟಾರು ರಿಪೇರಿ ಮಾಡುತ್ತಿದ್ದ. ಜಾಗ ಸಾಲದೆ ಅರ್ಧ ಸಾಮಾನು ಮನೆಗೆ ತರುತ್ತಿದ್ದ. ನಜಮುನ್ನಿಸಾ ಬಗ್ಗಿ ಬಗ್ಗಿ ರೊಟ್ಟಿ ಬಡಿದು ಸೊಂಟ ಹಿಡಿದುಕೊಂಡು ಏಳುವಳು. ಎಷ್ಟು ಮುಚ್ಚಿಟ್ಟರೂ ಅನ್ನದಲ್ಲಿ ಧೂಳು ಕರಕರ ಅನ್ನುತ್ತಿತ್ತು. ಆದರೂ ಅವಳು ತಡೆದುಕೊಂಡಿದ್ದಳು. ಮನೆ ಕೆಲಸವೆಂದರೆ ಹೀಗೇ, ಎಲ್ಲರಿಗೂ ಆಗುವುದೇ ಎಂದುಕೊಂಡಿದ್ದಳು.

ಎಲ್ಲರಿಗೂ ಆಗುವುದಿಲ್ಲ ಎಂದು ಗೊತ್ತಾದದ್ದು ಒಂದು ಬೆಳಿಗ್ಗೆ. ಕೊತ್ತಂಬರಿ ತರಲು ಹೊರಟವಳು ಓಣಿಯ ಕೊನೆಯ ಮನೆಯ ಮುಂದೆ ಮಸೂದನ ಮೋಟಾರ್ ಸೈಕಲ್ಲು ನಿಂತಿದ್ದನ್ನು ಕಂಡಳು. ಅದು ಗುಲಫಶಾಳ ಮನೆ. ಒಳಗಿನಿಂದ ಗಾರೆ ಬಳಿಯುವ ಕರಣಿಯ ಸದ್ದು, ಆಳುಗಳ ಮಾತು, ನಡುವೆ ಮಸೂದನ ನಗು.

ಗುಲಫಶಾ ಅವಳ ನೆಗೆಣ್ಣಿ, ಮೈದುನ ನದೀಮನ ಹೆಂಡತಿ. ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಮೆತ್ತಗಿನವಳು. ಅವಳ ಮೇಲೆ ತಪ್ಪು ಹೊರಿಸಬೇಕೆಂದರೆ ಹುಡುಕಬೇಕು. ನಜಮುನ್ನಿಸಾ ವರ್ಷಗಟ್ಟಲೆ ಹುಡುಕಿದ್ದಳು. ಗುಲಫಶಾ ಸೊಸೆಯಾಗಿ ಬರುವ ಮೊದಲು ಓಣಿಯಲ್ಲಿ ಎಲ್ಲರೂ ನಜಮುನ್ನಿಸಾಳನ್ನು ಆ ಮನೆಯ ಸೊಸೆ ಎನ್ನುತ್ತಿದ್ದರು. ಈಗ ಗುಲಫಶಾಳ ನೆಗೆಣ್ಣಿ ಎನ್ನುತ್ತಿದ್ದರು. ನದೀಮ ತೊಗರಿ ವ್ಯಾಪಾರಕ್ಕೆ ಕೈ ಹಾಕಿ, ದಾಲ್ ಮಿಲ್ಲಿನಲ್ಲಿ ಪಾಲು ಪಡೆದು ಬೇರೆ ಮನೆ ಮಾಡಿದ. ಫ್ರಿಜ್ಜು ಮೊದಲು ಅವರ ಮನೆಗೆ ಬಂತು, ಇನ್ವರ್ಟರು ಮೊದಲು ಅವರ ಮನೆಗೆ ಬಂತು. ಈದ್ ಹಬ್ಬದ ದಿನ ನೆಂಟರು ಮೊದಲು ಅಲ್ಲಿಗೆ ಹೋಗಿ, ಹೊಟ್ಟೆ ತುಂಬಿದ ಮೇಲೆ ಇಲ್ಲಿಗೆ ಬಂದು ಒಂದು ಚಮಚ ಶೀರ್ ಖುರ್ಮಾ ತಿಂದು ಸಾಕು ಎನ್ನುವರು. ಅದನ್ನೆಲ್ಲ ನುಂಗಿಕೊಂಡಿದ್ದಳು. ಈ ಒಂದು ಅಡುಗೆಮನೆ ಮಾತ್ರ ಅವಳಿಗೆ ಮೊದಲು ಬರಬೇಕಾಗಿತ್ತು. ಅವಳೇ ಹಟ ಹಿಡಿದು, ಗಂಡನ ಬೆನ್ನು ಹತ್ತಿ ಶುರು ಮಾಡಿಸಿದ್ದು.

ಕೊತ್ತಂಬರಿ ಮರೆತು ಅವಳು ಒಳಗೆ ಹೋದಳು.

"ಬರ್ರಿ ಆಪಾ, ಛಲೋ ಟೈಮಿಗೆ ಬಂದ್ರಿ" ಎಂದು ಗುಲಫಶಾ ಕೈಹಿಡಿದು ಕರೆದುಕೊಂಡು ಹೋದಳು. "ನಮ್ದೂ ಒಂದೀಟು ಅಡಿಗಿಮನಿ ಸುಧಾರಸೋಣ ಅಂತ ಮಾಡೇವಿ. ನಿಮ್ದು ನೋಡಿ ನನಗೂ ಆಸೆ ಬಂತು."

ನನ್ನದು ನೋಡಿ. ನನ್ನದರಲ್ಲಿ ನೋಡುವುದಕ್ಕೇನಿದೆ, ಗುಂಡಿ ಬಿಟ್ಟರೆ. ನಜಮುನ್ನಿಸಾ ಬಾಗಿಲಲ್ಲಿ ನಿಂತು ಕಣ್ಣಾಡಿಸಿದಳು. ಕಟ್ಟೆ ಎದ್ದು ನಿಂತಿತ್ತು. ಅದರ ಮೇಲೆ ಕರಿ ಗ್ರಾನೈಟು ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಲ್ಗಡೆ ಮೂರೂ ಗೋಡೆಗೆ ಡಬ್ಬಿ, ಹಂಡೆ ಇಡಲಿಕ್ಕೆ ಉದ್ದನೆಯ ಸಿಮೆಂಟಿನ ಸಜ್ಜಾ ಹಾಕಿ ಮುಗಿದಿತ್ತು. ಮಸೂದ ಏಣಿಯ ಹತ್ತಿರ ನಿಂತು ಆಳುಗಳಿಗೆ ಏನೋ ತೋರಿಸುತ್ತಿದ್ದ. ಅವಳನ್ನು ನೋಡಿ ಸ್ವಲ್ಪವೂ ನಾಚಲಿಲ್ಲ.

"ಭಾಬಿ, ನಿಮ್ಮ ಕಡೀಗೇ ಹೊಂಟಿದ್ದೆ. ಇಲ್ಲಿ ಒಂದೀಟು ಟೈಲ್ಸ್ ಹಚ್ಚಿದ್ರ ಶುಕ್ರವಾರ ನಿಮ್ದ ಸುರು."

ಗೋಡೆಗೆ ಆಗಲೇ ಹತ್ತಿಸಿದ ಟೈಲ್ಸುಗಳನ್ನು ಅವಳು ಆಗ ನೋಡಿದಳು. ಹಾಲು ಬಿಳುಪು, ಅಂಚಿಗೆ ತೆಳ್ಳಗೆ ಹಸಿರು ಬಳ್ಳಿ. ಆ ಬಳ್ಳಿಗಾಗಿ ಅವಳು ಕಲಬುರಗಿಯ ಅಂಗಡಿಗಳನ್ನೆಲ್ಲ ಬಿಸಿಲಲ್ಲಿ ಸುತ್ತಿದ್ದಳು. ಒಂದು ತುಂಡನ್ನು ದುಪಟ್ಟಾದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದು, ಇದೇ ಬೇಕು ಎಂದು ಮಸೂದನ ಕೈಗೆ ಕೊಟ್ಟಿದ್ದಳು.

"ಈ ಟೈಲ್ಸ್ ಯಾರು ಆರಿಸಿದ್ರು?" ಎಂದು ಕೇಳಿದಳು. ತನ್ನ ದನಿ ಇಷ್ಟು ಸಾದಾ ಇರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

"ಮಸೂದ ಭಾಯಿ ಒಂದು ಸ್ಯಾಂಪಲ್ ತಂದಿದ್ರು. ನೋಡಿದ ಕೂಡಲೆ ಮನಸಿಗೆ ಬಂತು" ಎಂದಳು ಗುಲಫಶಾ. "ಛಲೋ ಅವ ಅಲ್ರಿ?"

"ಛಲೋ ಅವ."

ಗುಲಫಶಾ ಅವಳನ್ನು ಅಂಗಳಕ್ಕೆ ಕರೆದು ಖುರ್ಚಿ ಹಾಕಿ ಚಾ ತಂದುಕೊಟ್ಟಳು. ಅವಳ ಇಬ್ಬರು ಮಕ್ಕಳು ಶಾಲೆಗೆ ಹೋಗಿದ್ದರು. ಮಾವಿನಕಾಯಿ ಉಪ್ಪಿನಕಾಯಿಯ ದೊಡ್ಡ ಭರಣಿಗಳನ್ನು ಇನ್ನು ಮೇಲೆ ಸಜ್ಜಾದ ಮೇಲೆ ಇಡಬಹುದು, ತೊಗರಿಬೇಳೆಯ ಡಬ್ಬಿಗಳೂ ಅಲ್ಲೇ, ಅದರ ಕೆಳಗೇ ಮಕ್ಕಳು ಕೂತು ಉಣ್ಣಲಿಕ್ಕೆ ಸಣ್ಣ ಮೇಜು ಹಾಕಿಸುತ್ತೇನೆ ಎಂದು ಅವಳು ಹೇಳುತ್ತಾ ಹೋದಳು. ನಜಮುನ್ನಿಸಾ ಕೇಳುತ್ತಿದ್ದಳು. ಎದೆಯಲ್ಲಿ ಏನೋ ಕುದಿದು ಗಂಟಲಿಗೆ ಬಂತು. ಬಂದದ್ದು ಮಾತಾಗಿ ಹೊರಬಿತ್ತು.

"ಗುಲಫಶಾ, ಹೇಳಬೇಕೋ ಬ್ಯಾಡೋ ಅಂತ ಕುಂತೇನಿ."

"ಏನ್ರಿ ಆಪಾ?"

"ಮಸೂದನ ಆಳುಗಳು ಮಾತಾಡಿಕೊಳ್ಳೋದು ಕಿವಿಗೆ ಬಿತ್ತು. ನಿಮ್ಮ ಸಜ್ಜಾಕ್ಕ ಅರ್ಧಕ್ಕರ್ಧ ಉಸುಕೇ ಹಾಕ್ಯಾರಂತ. ಸರಳೂ ಕಮ್ಮಿ ಅಂತ. ದೊಡ್ಡ ಮಂದಿ, ಯಾರ್ ಏರಿ ನೋಡ್ತಾರ ಅಂತ ನಗತಿದ್ರಂತ."

ಹಾಗೆಂದು ಯಾರೂ ಹೇಳಿರಲಿಲ್ಲ. ಅವಳು ಮಸೂದನ ಆಳುಗಳ ಜೊತೆ ಆ ದಿನದವರೆಗೆ ಮಾತೇ ಆಡಿರಲಿಲ್ಲ. ಸಜ್ಜಾ ಹೇಗೆ ಹಾಕುತ್ತಾರೆ, ಅದರಲ್ಲಿ ಏನೇನು ಬೀಳುತ್ತದೆ ಎಂಬುದೂ ಅವಳಿಗೆ ಸರಿಯಾಗಿ ತಿಳಿಯದು. ಗುಲಫಶಾಳ ಮುಖದ ಮೇಲಿನ ನಗು ಆರಿದ್ದನ್ನು ನೋಡಿ ಒಳಗೆ ತಣ್ಣಗಾಯಿತು. ಚಾ ಪೂರ್ತಿ ಕುಡಿದು ಬಟ್ಟಲು ಕೆಳಗಿಟ್ಟು ಎದ್ದಳು. ಇನ್ನು ನದೀಮ ಮಸೂದನನ್ನು ಓಡಿಸುತ್ತಾನೆ, ಓಡಿದವನು ನನ್ನ ಮನೆಗೇ ಬರಬೇಕು, ಇನ್ನೆಲ್ಲಿಗೆ ಹೋದಾನು ಎಂದು ಲೆಕ್ಕ ಹಾಕುತ್ತಾ ಮನೆ ಸೇರಿದಳು.

ಸಂಜೆ ಓಣಿಯ ಕೊನೆಯಲ್ಲಿ ಗದ್ದಲವೆದ್ದಿತು. ನಜಮುನ್ನಿಸಾ ಬಾಗಿಲಿಗೆ ಬಂದು ನೋಡಿದಳು. ನದೀಮನ ಮನೆಯ ಮುಂದೆ ಜನ ಸೇರಿದ್ದರು. ಮಸೂದ ಮೋಟಾರ್ ಸೈಕಲ್ಲಿನ ಮೇಲೆ ಕೂತೇ ಕೈಯಾಡಿಸಿ ಏನೋ ಹೇಳುತ್ತಿದ್ದ, ನದೀಮ ಹ್ಯಾಂಡಲ್ಲು ಹಿಡಿದು ನಿಂತಿದ್ದ. ಆಮೇಲೆ ಮಸೂದ ಹ್ಯಾಂಡಲ್ಲು ಬಿಡಿಸಿಕೊಂಡು ಹೊರಟೇಬಿಟ್ಟ. ಇವಳ ಬಾಗಿಲ ಮುಂದೆಯೇ ಹಾದುಹೋದ, ಆದರೆ ತಲೆ ತಿರುಗಿಸಲಿಲ್ಲ.

ಅವಳು ಒಳಗೆ ಹೋಗುವಷ್ಟರಲ್ಲಿ ಗುಲಫಶಾ ಓಡಿ ಬಂದಳು. ತಲೆಯ ಮೇಲಿನ ಸೆರಗು ಜಾರಿತ್ತು. ಬಂದವಳೇ ನಜಮುನ್ನಿಸಾಳನ್ನು ತಬ್ಬಿಕೊಂಡು ಅತ್ತಳು.

"ಆಪಾ, ನೀವು ಹೇಳಿದ್ದು ಖರೇ ಅದ. ಇವರು ಸುತಗಿ ತಗೊಂಡು ಹಗೂರ್ಕ ಹೊಡದ್ರು. ಒಂದ ಏಟಿಗೆ ಮೂಲಿ ಉದುರಿ ಬಿತ್ತು. ಬರೇ ಉಸುಕು. ಕೈಯಾಗ ಹಿಡದ್ರ ಪುಡಿ ಆಗತದ. ಅಡ್ಡ ಸರಳು ಹಾಕೇ ಇಲ್ಲ."

ನಜಮುನ್ನಿಸಾ ಅವಳ ಜಾರಿದ ಸೆರಗನ್ನು ತಲೆಯ ಮೇಲೆ ಎಳೆದು ಹಾಕಿದಳು.

"ಅದರ ಕೆಳಗ ಮಕ್ಕಳನ್ನ ಕೂಡಸಾಕಿದ್ದೆ" ಎಂದಳು ಗುಲಫಶಾ. "ಆ ಭರಣಿ ಮ್ಯಾಲ ಇಟ್ಟಿದ್ರ ಏನಾಗ್ತಿತ್ತು. ನೀವು ನನ್ನ ಅಕ್ಕಗಿಂತ ಹೆಚ್ಚು."

ಆ ವಾರವೆಲ್ಲ ನಜಮುನ್ನಿಸಾ ಓಣಿಯಲ್ಲಿ ದೊಡ್ಡ ಮನುಷ್ಯಳಾದಳು. ನೀರಿಗೆ ಹೋದರೆ ಹೆಂಗಸರು ದಾರಿ ಬಿಟ್ಟುಕೊಟ್ಟರು. ಎದುರುಮನೆಯ ರೇವಮ್ಮ, "ನೆಗೆಣ್ಣಿ ಅಂದ್ರ ಹಿಂಗ ಇರಬೇಕು ನೋಡವಾ, ಈಗಿನ ಕಾಲದಾಗ ಯಾರು ಹೇಳ್ತಾರ" ಎಂದು ಹೋದಬಂದವರಿಗೆಲ್ಲ ಹೇಳಿದಳು. ಗುಲಫಶಾ ದಿನಾ ಏನಾದರೂ ಕಳಿಸುತ್ತಿದ್ದಳು, ಒಂದು ದಿನ ಖೀಮಾ, ಒಂದು ದಿನ ಹುಳಿಬಾನ, ಒಂದು ದಿನ ಬದನೆಕಾಯಿ ಎಣ್ಣೆಗಾಯಿ. "ನಿಮಗ ಪಡಸಾಲ್ಯಾಗ ಅಡಿಗಿ ತ್ರಾಸ ಆಗತದ" ಎಂದು ಮೇಲೊಂದು ಮಾತು. ಇಸ್ಮಾಯಿಲ ಬೆರಳು ನೆಕ್ಕಿ ಉಂಡ. ನಜಮುನ್ನಿಸಾಳಿಗೆ ಆ ತುತ್ತು ಗಂಟಲಿನಿಂದ ಇಳಿಯಲಿಲ್ಲ.

ಅವಳನ್ನು ಕಾಡಿದ್ದು ಪಶ್ಚಾತ್ತಾಪ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಗುಲಫಶಾ ಬೈದಿದ್ದರೆ, ನನ್ನ ಮನೆ ಕೆಲಸ ಕೆಡಿಸಿದೆ ಎಂದಿದ್ದರೆ ಅವಳಿಗೆ ಸಮಾಧಾನವಿರುತ್ತಿತ್ತು. ಈಗ ಒಳ್ಳೆಯವಳಾಗುವ ಸರದಿಯನ್ನೂ ಗುಲಫಶಾಳೇ ತೆಗೆದುಕೊಂಡಿದ್ದಳು. ಗ್ರಾನೈಟು ಅವಳದು, ಹಸಿರು ಬಳ್ಳಿ ಅವಳದು, ದೊಡ್ಡ ಮನಸ್ಸೂ ಅವಳದೇ. ತನಗೆ ಉಳಿದದ್ದು ಒಂದು ಸುಳ್ಳು, ಅದೂ ಖರೇ ಆಗಿಬಿಟ್ಟ ಸುಳ್ಳು.

"ನಿನಗ ಹೇಳಿದವರು ಯಾರು?" ಎಂದು ಇಸ್ಮಾಯಿಲ ಒಮ್ಮೆ ಕೇಳಿದ.

"ಹೆಣ್ಮಕ್ಕಳ ಮಾತು. ನಿಮಗ್ಯಾಕ?"

ಅವನು ಮತ್ತೆ ಕೇಳಲಿಲ್ಲ. ಮಸೂದನನ್ನು ಹುಡುಕುವುದೇ ಅವನಿಗೆ ದೊಡ್ಡ ಕೆಲಸವಾಗಿತ್ತು. ಮಸೂದನ ಎರಡೂ ಫೋನು ಬಂದ್ ಆಗಿದ್ದವು. ಗೊಬ್ಬೂರಿನ ಮನೆಯಲ್ಲಿ ಅವನ ತಾಯಿ, ಕೆಲಸಕ್ಕೆ ಹೋಗ್ಯಾನ ಎಂದಷ್ಟೇ ಹೇಳಿದಳು. ಕೊನೆಗೆ ಅಫಜಲಪುರದಿಂದ ಮೋಟಾರು ರಿಪೇರಿಗೆ ಬಂದ ಒಬ್ಬ ಗಿರಾಕಿ, ಅವನನ್ನು ಘತ್ತರಗಿಯಲ್ಲಿ ಕಂಡೆ ಎಂದ. ದೇವಿಗೆ ಬರುವ ಭಕ್ತರು ಉಳಿದುಕೊಳ್ಳಲಿಕ್ಕೆ ಯಾರೋ ಹೊಸದಾಗಿ ಲಾಜು ಕಟ್ಟಿಸುತ್ತಿದ್ದಾರೆ, ಮಸೂದ ಅಲ್ಲಿ ಬಚ್ಚಲುಗಳಿಗೆ ಟೈಲ್ಸ್ ಹಾಕಿಸುತ್ತಿದ್ದಾನೆ ಎಂದು.

ಗಂಡ ಹೆಂಡತಿ ಇಬ್ಬರೂ ಗಾಡಿಯ ಮೇಲೆ ಹೋದರು. ನಜಮುನ್ನಿಸಾ ತಾನೂ ಬರುತ್ತೇನೆಂದು ಹಟ ಹಿಡಿದಳು. ಇಸ್ಮಾಯಿಲ ಒಬ್ಬನೇ ಹೋದರೆ ಚಾ ಕುಡಿದು, ಅಣ್ಣ ತಮ್ಮ ಎಂದು ಬೆನ್ನು ತಟ್ಟಿಸಿಕೊಂಡು ವಾಪಸ್ಸು ಬರುವವನು ಎಂದು ಅವಳಿಗೆ ಗೊತ್ತಿತ್ತು. ಅಂದು ಅಮಾವಾಸ್ಯೆಯ ಮರುದಿನ, ಊರ ತುಂಬ ಹಾಕಿದ್ದ ಕಾಯಿ ಕುಂಕುಮದ ಅಂಗಡಿಗಳನ್ನು ಇನ್ನೂ ಕಿತ್ತಿರಲಿಲ್ಲ. ಹೊಳೆಯ ಕಡೆಯಿಂದ ಮಿಂದು ಬಂದ ಜನ ಒದ್ದೆ ಬಟ್ಟೆಯಲ್ಲೇ ಗುಡಿಯ ಕಡೆ ನಡೆಯುತ್ತಿದ್ದರು. ಲಾಜಿನ ಮೊದಲ ಮಹಡಿಯಲ್ಲಿ ಮಸೂದ ಸಿಕ್ಕ. ಅವರನ್ನು ನೋಡಿ ಎದ್ದು ನಿಂತು, ಸಲಾಂ ಮಾಡಿ, ಸಿಮೆಂಟಿನ ಚೀಲದ ಮೇಲೆ ತನ್ನ ಟವೆಲ್ಲು ಹಾಸಿ, "ಕೂಡ್ರಿ ಭಾಬಿ" ಎಂದ.

"ಕೂಡಾಕ ಬಂದಿಲ್ಲ" ಎಂದಳು ನಜಮುನ್ನಿಸಾ. "ನನ್ನ ಅಡಿಗಿಮನಿ ಏನ್ ಮಾಡ್ತಿ?"

"ಶುಕ್ರವಾರ..."

"ಯಾವ ಶುಕ್ರವಾರಂತ ನಿನಗರ ಗೊತ್ತದ ಏನು?"

ಮಸೂದ ನಗಲು ನೋಡಿದ, ನಗು ಪೂರ್ತಿ ಬರಲಿಲ್ಲ. "ನದೀಮ ಭಾಯಿ ಓಣ್ಯಾಗ ನನ್ನ ಮಾನ ಕಳದ್ರು. ಆ ಓಣಿಗೆ ಹ್ಯಾಂಗ ಕಾಲಿಡಲಿ ಹೇಳ್ರಿ."

"ಸಜ್ಜಾಕ್ಕ ಉಸುಕು ಹಾಕಿದ್ದು ಸುಳ್ಳೇನು?" ಎಂದು ಇಸ್ಮಾಯಿಲ ಕೇಳಿದ.

"ಸುಳ್ಳಲ್ಲ. ಆ ವಾರ ಸಿಮೆಂಟು ಸಾಲಲಿಲ್ಲ, ಎಳದು ಮುಗಿಸಿದೆ. ಮ್ಯಾಲ ಡಬ್ಬಿ ಇಡೋದು, ಆನಿ ಕಟ್ಟೋದಲ್ಲ ಅಂತ ತಿಳಕೊಂಡೆ." ಅವನು ಕಣ್ಣು ಕೆಳಗೆ ಮಾಡಿದ. ಮತ್ತೆ ಎತ್ತಿದಾಗ ಅದರಲ್ಲಿ ಸಿಟ್ಟಿತ್ತು. "ಆದ್ರ ಹೇಳಿದವರು ಯಾರಂತ ನನಗ ಗೊತ್ತದ. ನಾನೂ ನನ್ನ ಆಳು ರಸೂಲನೂ ಇಬ್ಬರೇ ಇದ್ದಿವಿ ಕಲಸುವಾಗ. ಅವನ ಬಾಯಿಂದಲೇ ಹೋಗ್ಯದ. ತೆಗದು ಹಾಕೇನಿ ಅವನನ್ನ. ಈ ಸುತ್ತಿನಾಗ ಯಾವ ಗುತ್ತೇದಾರನೂ ಅವನಿಗೆ ಕೆಲಸ ಕೊಡಬಾರದು ಹಂಗ ಹೇಳಿಟ್ಟೇನಿ."

ನಜಮುನ್ನಿಸಾ ಹಾಸಿದ ಟವೆಲ್ಲಿನ ಮೇಲೆ ಕೂತಳು. ಉಳಿದ ಮಾತನ್ನೆಲ್ಲ ಇಸ್ಮಾಯಿಲನೇ ಆಡಿ ಮುಗಿಸಿದ. ಮಸೂದ ಮತ್ತೊಂದು ಶುಕ್ರವಾರ ಕೊಟ್ಟ, ಇಸ್ಮಾಯಿಲ ಮೊದಲ ಬಾರಿ ಅದನ್ನು ತೆಗೆದುಕೊಳ್ಳದೆ, "ನೀ ಇನ್ ಬರಬ್ಯಾಡ" ಎಂದು ಹೇಳಿ ಎದ್ದ. ಹಾದಿಯುದ್ದಕ್ಕೂ ಅವಳು ಗಾಡಿಯ ಮೇಲೆ ಒಂದೇ ಮಾತನ್ನು ತಿರುವಿ ಹಾಕಿದಳು. ಫ್ರಿಜ್ಜು, ಟೈಲ್ಸು, ಈದ್ ಹಬ್ಬದ ನೆಂಟರು, ಇವೆಲ್ಲ ತನ್ನ ಮತ್ತು ಗುಲಫಶಾಳ ನಡುವಿನದು. ಅದರಲ್ಲಿ ಈ ರಸೂಲ ಎಲ್ಲಿಂದ ಬಂದ?

ಜೇವರ್ಗಿಯಲ್ಲಿ ಕೂಲಿಯವರು ಬೆಳಿಗ್ಗೆ ಬುತ್ತಿ ಹಿಡಿದು ನಿಲ್ಲುವ ಒಂದು ಮೂಲೆಯಿತ್ತು. ಮರುದಿನ ಅವಳು ಅಲ್ಲಿಗೆ ಹೋದಳು. ರಸೂಲ ಒಂದು ಕಡೆ ಕೂತು ಗುಟಕಾ ಜಗಿಯುತ್ತಿದ್ದ. ನಡುವಯಸ್ಸಿನ, ಸಿಡುಕು ಮುಖದ ಮನುಷ್ಯ. ಅವಳನ್ನು ಗುರುತಿಸಿ ಎದ್ದ.

"ನನ್ನ ಅಡಿಗಿಮನಿ ಮುಗಿಸಿಕೊಡ್ತಿಯೇನು?" ಎಂದು ಕೇಳಿದಳು.

ರಸೂಲ ಪಕ್ಕಕ್ಕೆ ಉಗುಳಿ ಬಂದ. "ಮಾಡ್ತೇನಿ. ಆದ್ರ ಮೊದಲು ಒಂದು ಹೇಳ್ರಿ. ನಾನು ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಬಿಡಬೇಕಿತ್ತು, ಬಿಡಲಿಲ್ಲ. ಮತ್ತ ನಿಮ್ಮ ಕಿವಿಗೆ ಯಾರು ಹಾಕಿದ್ರು?"

ಸುತ್ತಮುತ್ತ ಬೇರೆ ಆಳುಗಳಿದ್ದರು. ಅವಳು ದನಿ ತಗ್ಗಿಸಿದಳು. "ಯಾರೂ ಹಾಕಿಲ್ಲ. ನಾನೇ ಹೇಳಿದ್ದು."

"ನಿಮಗ ಹ್ಯಾಂಗ ಗೊತ್ತಾತು?"

"ಗೊತ್ತಿರಲಿಲ್ಲ."

ರಸೂಲ ಅವಳ ಮುಖವನ್ನೇ ನೋಡಿದ. ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕರಣಿಯ ಚೀಲ ಹೆಗಲಿಗೇರಿಸಿ, "ನಡೀರಿ" ಎಂದ. ಅಷ್ಟೇ.

ಅವನು ಬಂದ ದಿನದಿಂದ ಕೆಲಸ ನಡೆಯಿತು. ಬಾಯಿ ತುಂಬ ಬೈಯುತ್ತಿದ್ದ, ಉಸುಕು ದಪ್ಪ ಎನ್ನುತ್ತಿದ್ದ, ಚಾ ತೆಳ್ಳಗೆ ಎನ್ನುತ್ತಿದ್ದ, ಆದರೆ ಬೆಳಿಗ್ಗೆ ಬರುತ್ತಿದ್ದ, ಸಂಜೆಯ ತನಕ ಇರುತ್ತಿದ್ದ. ಕಟ್ಟೆ ಎದ್ದಿತು. ಸಜ್ಜಾ ಹಾಕಿದ್ದಾಯಿತು, ಅದಕ್ಕೆ ನೀರು ಕುಡಿಸುವ ಕೆಲಸವನ್ನು ನಜಮುನ್ನಿಸಾ ತಾನೇ ಮಾಡಿದಳು. ಟೈಲ್ಸು ಮಾತ್ರ ಬೇರೆ ತರಿಸಿದಳು, ಸಾದಾ ಹಳದಿ. ಹಸಿರು ಬಳ್ಳಿ ಅವಳಿಗೆ ಈಗ ಬೇಡವಾಗಿತ್ತು.

ಒಂದು ಮಧ್ಯಾಹ್ನ ಗುಲಫಶಾ ಬಂದು ಬಾಗಿಲಲ್ಲಿ ನಿಂತಳು. ಅವಳ ಮನೆಯಲ್ಲಿ ನದೀಮ ಕೆಡವಿದ ಸಜ್ಜಾ ಕೆಡವಿದ ಹಾಗೇ ಇತ್ತು. ಬೇರೆ ಗುತ್ತೇದಾರರು ಅರ್ಧ ಬಿಟ್ಟ ಕೆಲಸಕ್ಕೆ ಕೈ ಹಾಕಲು ಒಪ್ಪಿರಲಿಲ್ಲ.

"ಆಪಾ, ನಿಮ್ದು ಮುಗದ ಮ್ಯಾಲ ರಸೂಲಗ ನಮ್ಮ ಕಡೆ ಒಂದೀಟು ಕಳಸ್ತೀರೇನು?"

"ಕಳಸ್ತೇನಲ್ಲ. ಇಲ್ಲಿದು ಆಗಲಿ."

ಇಲ್ಲಿಯದು ಆಗಲಿಲ್ಲ. ಕಟ್ಟೆಯ ಕೆಳಗೆ ಇನ್ನೊಂದು ಗೂಡು ಬೇಕು ಎಂದಳು. ಗೂಡು ಆದ ಮೇಲೆ ಅಂಗಳದ ಮೆಟ್ಟಿಲು ಸರಿಯಿಲ್ಲ ಎಂದಳು. ಮೆಟ್ಟಿಲಾದ ಮೇಲೆ ಬಚ್ಚಲಿನ ಇಳಿಜಾರು ನೆನಪಾಯಿತು. ಹೊಸ ಕಟ್ಟೆಯ ಮುಂದೆ ನಿಂತು ಒಗ್ಗರಣೆ ಹಾಕುವಾಗ, ಓಣಿಯ ಕೊನೆಯಲ್ಲಿ ಗುಲಫಶಾ ಈ ಹೊತ್ತಿಗೆ ಒಡೆದ ಸಜ್ಜಾದ ಕೆಳಗೆ ನಿಂತು ಅಡುಗೆ ಮಾಡುತ್ತಿರುತ್ತಾಳೆ, ಅವಳ ಅನ್ನದಲ್ಲೂ ಧೂಳು ಕರಕರ ಅನ್ನುತ್ತಿರುತ್ತದೆ ಎಂದು ನೆನೆಯುವುದು ನಜಮುನ್ನಿಸಾಳಿಗೆ ರೂಢಿಯಾಯಿತು. ಅದೊಂದು ಸಿಹಿ. ಸಿಹಿ ತಿಂದ ಮೇಲೆ ಬಾಯಿ ಕೆಡುವುದೂ ಅವಳಿಗೆ ತಿಳಿಯುತ್ತಿತ್ತು. ಆದರೂ ಮರುದಿನ ಮತ್ತೆ ಒಂದು ಕೆಲಸ ಹುಡುಕುವಳು.

ಇಸ್ಮಾಯಿಲ ಒಮ್ಮೆ ಹೊಸ ಮೆಟ್ಟಿಲ ಮೇಲೆ ಕೂತು, "ಇನ್ ಏನ್ ಉಳದದ ಈ ಮನ್ಯಾಗ? ನನ್ನೂ ಗಿಲಾಯಿ ಮಾಡಸ್ತಿಯೇನು" ಎಂದ. ಕೊನೆಗೆ ಹೇಳಿದ್ದು ರಸೂಲನೇ. ಬಚ್ಚಲು ಮುಗಿಸಿ ಕೈ ತೊಳೆದುಕೊಳ್ಳುತ್ತಾ, "ಭಾಬಿ, ಇಲ್ಲಿ ಕೆಲಸ ಇಲ್ಲ. ನಿಮಗೂ ಗೊತ್ತು, ನನಗೂ ಗೊತ್ತು. ನಾಳಿಂದ ಆ ಮನಿಗೆ ಹೋಗ್ತೇನಿ" ಎಂದ.

"ಹೋಗು" ಎಂದಳು.

ಅವನು ಅಲ್ಲಿಗೆ ಹೋದ ಮೇಲೆ ಹೊಸ ಭಯ ಹತ್ತಿತು. ರಸೂಲನಿಗೆ ಎಲ್ಲ ಗೊತ್ತು. ಕೆಲಸ ಮಾಡುತ್ತಾ ಬೈಯುವ ಚಟದವನು, ಯಾವ ಹೊತ್ತಿನಲ್ಲಿ ಬಾಯಿ ಬಿಟ್ಟಾನು ಹೇಳಲಾಗದು. ಓಣಿಯ ಕೊನೆಯಿಂದ ಸುತ್ತಿಗೆಯ ಸದ್ದು ಕೇಳುತ್ತಿದ್ದರೆ ಅವಳಿಗೆ ನಿರಾಳ. ಸದ್ದು ನಿಂತರೆ ಈಗ ಮಾತಾಡುತ್ತಿದ್ದಾನೆ ಎಂದು ಬಾಗಿಲಿಗೆ ಬಂದು ನಿಲ್ಲುವಳು. ತಾನೇ ಹೋಗಿ ಹೇಳಿಬಿಡಲೇ ಎಂದು ಎರಡು ಸಲ ಚಪ್ಪಲಿ ಮೆಟ್ಟಿಕೊಂಡು, ಎರಡು ಸಲವೂ ರೇವಮ್ಮನ ಮನೆಯ ಹತ್ತಿರದಿಂದಲೇ ತಿರುಗಿ ಬಂದಳು.

ಗುಲಫಶಾಳೇ ಬಂದಳು. ಈ ಸಲ ಕೈಯಲ್ಲಿ ಡಬ್ಬಿ ಇರಲಿಲ್ಲ. ನಜಮುನ್ನಿಸಾ ಮೆಂತ್ಯದ ಸೊಪ್ಪು ಸೋಸುತ್ತಾ ಕೂತಿದ್ದಳು. ಗುಲಫಶಾ ಎದುರಿಗೆ ಕೂತು ಒಂದು ಕಟ್ಟು ತೆಗೆದುಕೊಂಡು ತಾನೂ ಸೋಸಲು ಹತ್ತಿದಳು.

"ರಸೂಲ ಸಿಟ್ಟಿನಾಗ ಒಂದು ಮಾತಂದ" ಎಂದಳು. "ನಾನು ಅವಗ, ಅವತ್ತು ನೀ ಹೇಳಿದ್ದಕ್ಕ ನಮ್ಮ ಮಕ್ಕಳು ಉಳದ್ರು ಅಂದೆ. ಅವ, ನಾ ಎಲ್ಲಿ ಹೇಳೇನ್ರಿ, ನಿಮ್ಮ ನೆಗೆಣ್ಣಿ ಕಲ್ಪಿಸಿ ಹೇಳ್ಯಾರ ಅಂದ. ಖರೇ ಏನ್ರಿ?"

ನಜಮುನ್ನಿಸಾ ಕೈಯಲ್ಲಿದ್ದ ಕಡ್ಡಿ ಬಿಸಾಡಿದಳು. "ಖರೇ."

"ಯಾಕ?"

"ನನ್ನ ಟೈಲ್ಸ್ ನಿನ್ನ ಗ್ವಾಡಿ ಮ್ಯಾಲಿದ್ವು. ನನ್ನ ಮನಿ ಬಿಟ್ಟು ನಿನ್ನ ಮನೀಗೆ ಬಂದಿದ್ದ ಅಂವ." ಹೇಳುತ್ತಾ ಹೇಳುತ್ತಾ ಅದು ಎಷ್ಟು ಸಣ್ಣದಾಗಿ ಕೇಳಿಸುತ್ತದೆಂದು ಅವಳಿಗೇ ಅನ್ನಿಸಿತು. "ಅಷ್ಟೇ ಅಲ್ಲ. ಮೊದಲಿಂದನೂ ಅದ."

ಗುಲಫಶಾ ಮೊದಲು ನಕ್ಕಳು. ನಗು ಬೇಗ ಆರಿತು. "ಟೈಲ್ಸ್ ನಿಮ್ಮವು ಅಂತ ಅಂವ ಹೇಳಲಿಲ್ಲ. ಹೇಳಿದ್ರ ಹಾಕಸ್ತಿರಲಿಲ್ಲ." ಇನ್ನೊಂದು ಕಟ್ಟು ಬಿಚ್ಚಿದಳು. "ಒಂದು ಕೇಳ್ತೇನಿ. ಸಜ್ಜಾ ಗಟ್ಟಿ ಇದ್ದಿದ್ರ? ಇವರು ಹೊಡದು ನೋಡಿ ಏನೂ ಆಗದಿದ್ರ? ಮಸೂದನ ಮ್ಯಾಲ ಸುಳ್ಳು ಹೊರೆ ಬೀಳ್ತಿತ್ತು. ಆಗ ನೀವು ಏನ್ ಮಾಡ್ತಿದ್ರಿ?"

ಒಳ್ಳೆಯ ಉತ್ತರಗಳು ಒಂದೆರಡು ನಜಮುನ್ನಿಸಾಳ ನಾಲಿಗೆಯ ತುದಿಗೆ ಬಂದವು. ಒಂದನ್ನೂ ಆಡಲಿಲ್ಲ. "ಸುಮ್ನ ಇರ್ತಿದ್ದೆ" ಎಂದಳು.

ಗುಲಫಶಾ ತಲೆಯಾಡಿಸಿದಳು. ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ, ಕೈ ಜಾಡಿಸಿ ಎದ್ದಳು. ಬಾಗಿಲಲ್ಲಿ ನಿಂತು, "ನನಗ ಸಿಟ್ಟು ಬಂದದ ಆಪಾ. ಎಷ್ಟು ದಿನ ಇರತದ ಗೊತ್ತಿಲ್ಲ" ಎಂದು ಹೇಳಿ ಹೋದಳು.

ಸಿಟ್ಟು ಬಹಳ ದಿನ ಇತ್ತು. ಡಬ್ಬಿಗಳು ಬರುವುದು ನಿಂತಿತು. ಓಣಿಯಲ್ಲಿ ಎದುರಾದರೆ ಗುಲಫಶಾ ಸಲಾಂ ಹೇಳುವಳು, ನಿಲ್ಲುತ್ತಿರಲಿಲ್ಲ. ವಿಚಿತ್ರವೆಂದರೆ ನಜಮುನ್ನಿಸಾಳಿಗೆ ಆ ದಿನಗಳಲ್ಲಿ ಅನ್ನ ಸರಿಯಾಗಿ ಇಳಿಯುತ್ತಿತ್ತು. ಸಿಟ್ಟು ಮಾಡಿದ ಗುಲಫಶಾ ತನ್ನಂಥವಳೇ ಒಬ್ಬ ಹೆಂಗಸು. ಅವಳ ಜೊತೆ ಬದುಕಬಹುದು. ಈ ನಡುವೆ ರಸೂಲನಿಗೆ ಬೇರೆ ಕೆಲಸ ಸಿಗಲೆಂದು ಅವಳು ಇಸ್ಮಾಯಿಲನ ಕೈಯಿಂದ ಗಿರಾಕಿಗಳಿಗೆಲ್ಲ ಹೇಳಿಸಿದಳು. ಮಸೂದನ ಮಾತನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಅವನ ಶುಕ್ರವಾರಗಳನ್ನು ಕಂಡವರು ಈ ಸುತ್ತಿನಲ್ಲಿ ಬಹಳ ಜನರಿದ್ದರು.

ಮಳೆ ಶುರುವಾಗುವ ಮುಂಚೆ ಒಂದು ಸಂಜೆ ಗುಲಫಶಾಳ ಮಗಳು ಬಂದು, "ಅಮ್ಮಿ ಕರೀತಾಳ" ಎಂದಳು. ನಜಮುನ್ನಿಸಾ ಹೋದಳು. ಅಡುಗೆಮನೆ ಮುಗಿದಿತ್ತು. ಹೊಸ ಸಜ್ಜಾದ ಮೇಲೆ ಭರಣಿಗಳು ಸಾಲಾಗಿ ಕೂತಿದ್ದವು. ಕೆಳಗೆ ಸಣ್ಣ ಮೇಜಿನಲ್ಲಿ ಮಕ್ಕಳು ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದರು. ಕರಿ ಗ್ರಾನೈಟಿನ ಮೇಲೆ ಸಂಜೆಯ ಬೆಳಕು ಬಿದ್ದಿತ್ತು. ಗೋಡೆಯ ಮೇಲೆ ಹಸಿರು ಬಳ್ಳಿ ಮೂಲೆಯಿಂದ ಮೂಲೆಗೆ ಹರಿದಿತ್ತು, ಅವಳು ಅಂಗಡಿಯಲ್ಲಿ ನಿಂತು ಎಣಿಸಿಕೊಂಡಿದ್ದಕ್ಕಿಂತ ಚೆನ್ನಾಗಿ. ತನ್ನ ಹಳದಿ ಟೈಲ್ಸು ಇದರ ಮುಂದೆ ಏನೂ ಅಲ್ಲ. ಎದೆಯಲ್ಲಿ ಆ ಹಳೆಯ ಕುದಿತ ಎದ್ದಿತು. ಹೋಗಿರಬಹುದು ಎಂದುಕೊಂಡಿದ್ದಳು, ಹೋಗಿರಲಿಲ್ಲ.

ಗುಲಫಶಾ ಚಾ ಬಟ್ಟಲು ಕೈಗೆ ಕೊಟ್ಟು ಅವಳ ಮುಖ ನೋಡುತ್ತಾ ನಿಂತಳು. "ಹ್ಯಾಂಗಾಗೇದ್ರಿ?"

"ಛಲೋ ಆಗೇದ" ಎಂದಳು ನಜಮುನ್ನಿಸಾ. ಆಮೇಲೆ, "ನನಗ ಹೊಟ್ಟಿ ಉರಿಯಾಕತ್ತದ" ಎಂದಳು.

"ಉರೀಲಿ ಬಿಡ್ರಿ. ಚಾ ಆರತದ, ಕುಡೀರಿ."

ನಜಮುನ್ನಿಸಾ ಮಕ್ಕಳ ಪಕ್ಕದಲ್ಲಿ ಕೂತು ಒಂದು ಗುಟುಕು ಕುಡಿದಳು. ಸಕ್ಕರೆ ಹೆಚ್ಚಾಗಿತ್ತು. ಅದನ್ನೂ ಹೇಳಿದಳು.